ಹುಡುಗರ ಸಿಗರೇಟ್ ಚಟ: ಶ್ವಾಸಕೋಶದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಬಳ್ಳಾರಿಯ ಶ್ವಾಸಕೋಶ ತಜ್ಞರು ಈಗ ಗುಂಪಿನಲ್ಲಿದ್ದಾರೆ. ಪ್ರಶ್ನೆ ಹಾಕಿ. ಮಕ್ಕಳ ಹೆಸರು ಬೇಡ.

ಸಿರುಗುಪ್ಪದ ತಂದೆ: ಮಗ ಒಂಬತ್ತನೇ ಕ್ಲಾಸ್. ಶರ್ಟಲ್ಲಿ ವಾಸನೆ, ಕೇಳಿದ್ರೆ ಗೆಳೆಯ ಸೇದಿದ್ದು ಅಂತಾನೆ. ನಾಲ್ಕು ಏಟು ಬಿಟ್ರೆ ಸರಿ ಹೋಗ್ತಾನಾ?

ಡಾಕ್ಟರ್: ಇಲ್ಲ. ಕದ್ದು ಸೇದೋದು ಕಲಿಯುತ್ತಾನೆ. ಎದ್ದ ಅರ್ಧ ಗಂಟೆಯೊಳಗೆ ಸೇದಬೇಕು ಅನ್ಸುತ್ತಾ ಅಂತ ಸಮಾಧಾನವಾಗಿ ಕೇಳಿ. ಹೌದು ಅಂದ್ರೆ ಚಟ ಗಟ್ಟಿಯಾಗಿದೆ. ಬಿಟ್ಟ ಮೊದಲ ಎರಡು ಮೂರು ದಿನ ಸಿಟ್ಟು, ಚಡಪಡಿಕೆ ಜಾಸ್ತಿ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಸಹಾಯಕ್ಕೆ 1800-11-2356 ಇದೆ, ಉಚಿತ. ಅಂದಹಾಗೆ, ನೀವು ಸೇದುತ್ತೀರಾ? ಅದನ್ನು ಬರೆದಿಲ್ಲ.

ಹೊಸಪೇಟೆ ಸದಸ್ಯ: ಇ-ಸಿಗರೇಟ್ ಆದ್ರೆ ಪರವಾಗಿಲ್ವಾ?

ಡಾಕ್ಟರ್: 2019ರಿಂದ ದೇಶದಲ್ಲೇ ನಿಷೇಧ. ನಿಕೋಟಿನ್ ಅದರಲ್ಲೂ ಇರುತ್ತೆ.

ಗಂಗಾವತಿಯ ತಾಯಿ: ಮಗನಿಗೆ 16. ಶಾಲೆ ಬಿಟ್ಟು ರೈಸ್ ಮಿಲ್ಲಿಗೆ ಹೋಗ್ತಾನೆ, ಸಿಗರೇಟ್ ಅಲ್ಲೇ ಕಲಿತ. ಒಂದು ತಿಂಗಳಿಂದ ಕೆಮ್ಮು, ಸಂಜೆ ಮೈ ಬೆಚ್ಚಗೆ, ಪ್ಯಾಂಟ್ ಸಡಿಲ ಆಗಿದೆ. ಅವರಪ್ಪ ಸಿಗರೇಟ್ ಕೆಮ್ಮು ಅಂತಾರೆ. ಬೆಲ್ಲ, ಅರಿಶಿನ ಹಾಕಿದ ಹಾಲು ಕೊಡ್ತಿದೀವಿ, ಶ್ವಾಸಕೋಶ ತೊಳೆಯುತ್ತೆ ಅಂತ ಈ ಗುಂಪಲ್ಲೇ ಬಂದಿತ್ತು.

ಡಾಕ್ಟರ್: ಅಮ್ಮಾ, ಇದನ್ನು ಸಿಗರೇಟ್ ಕೆಮ್ಮು ಅಂತ ಬಿಡಬೇಡಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ಈ ಮೂರೂ ಸೇರಿದರೆ ಮೊದಲು ಟಿಬಿ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಸೇದುವವರಿಗೆ ಟಿಬಿ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಮಿಲ್ಲಿನ ಹೊಟ್ಟಿನ ಧೂಳಿಂದಲೂ ಕೆಮ್ಮು ಬರುತ್ತೆ, ಆದ್ರೆ ಧೂಳಿಗೆ ಸಾಮಾನ್ಯವಾಗಿ ಹೀಗೆ ದಿನಾ ಸಂಜೆ ಜ್ವರ ಬರಲ್ಲ. ನಾಳೆ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ, ಕಫದಲ್ಲಿ ಟಿಬಿ ರೋಗಾಣು ಹುಡುಕುವ ಟ್ರೂನಾಟ್ ಅಥವಾ ಸಿಬಿನಾಟ್ ಪರೀಕ್ಷೆ ಕೇಳಿ, ಎದೆಯ ಎಕ್ಸ್‌ರೇ ಮಾಡಿಸಿ. ಪರೀಕ್ಷೆ, ಔಷಧ ಎರಡಕ್ಕೂ ದುಡ್ಡಿಲ್ಲ. ಟಿಬಿ ಅಂತಾದ್ರೆ ಊಟಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಮೆಡಿಕಲ್ ಶಾಪಲ್ಲಿ ಕೇಳಿ ಆಂಟಿಬಯೋಟಿಕ್ ತರಬೇಡಿ, ಕೆಲವು ಮಾತ್ರೆ ಟಿಬಿಯನ್ನು ಸ್ವಲ್ಪ ದಿನ ಅಡಗಿಸಿ ಪತ್ತೆಯಾಗೋದನ್ನೇ ತಡ ಮಾಡ್ತವೆ. ಹಾಲು ಕುಡಿಯಲಿ, ಬೇಡ ಅನ್ನಲ್ಲ. ಅದು ಹೋಗೋದು ಹೊಟ್ಟೆಗೆ. ಮನೇಲಿ ಯಾರಿಗಾದ್ರೂ ಟಿಬಿ ಆಗಿತ್ತಾ?

ಕೊಪ್ಪಳದ ಹಿರಿಯರು: ಊಟದಲ್ಲಿ ಗೊತ್ತಾಗದಂಗೆ ಬೆರೆಸುವ ಪುಡಿ ಇದೆ, ಹನ್ನೊಂದು ದಿನದಲ್ಲಿ ಸಿಗರೇಟ್ ಕಂಡ್ರೆ ವಾಂತಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಪುಡೀಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿಲ್ಲ. ಬೆಳೆಯೋ ಮಗುವಿಗೆ ಕದ್ದು ಮದ್ದು ಹಾಕ್ತೀರಾ?

ಸಿಂಧನೂರು ಮೇಷ್ಟ್ರು: ಸುಮ್ನೆ ಗಾಬರಿ ಯಾಕೆ? 2019ರ ಸಮೀಕ್ಷೆಯಲ್ಲಿ ಕರ್ನಾಟಕದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುವವರು ಶೇ. 1.2 ಮಾತ್ರ. ದೇಶದಲ್ಲೂ 2009ರ 14.6ರಿಂದ 8.5ಕ್ಕೆ ಇಳಿದಿದೆ.

ಡಾಕ್ಟರ್: ಇಳಿದಿರೋದು ನಿಜ, ಸಂತೋಷ. ಆದ್ರೆ ಆ ಲೆಕ್ಕ 13ರಿಂದ 15 ವಯಸ್ಸಿನ, ಶಾಲೆಯಲ್ಲಿರೋ ಮಕ್ಕಳದ್ದು. ಇಲ್ಲಿನ ಜೀನ್ಸ್ ಘಟಕದಲ್ಲಿ, ಗಂಗಾವತಿ ಮಿಲ್ಲಲ್ಲಿ, ಲಾರಿ ಕ್ಲೀನರ್ ಆಗಿ ಇರೋ ಹುಡುಗರು ಅದರಲ್ಲಿಲ್ಲ. ನನ್ನ ಹತ್ತಿರ ಬರೋದು ಅವರೇ.

ಮೇಷ್ಟ್ರು: ಹಾಗಾದ್ರೆ ತಪ್ಪು ಅಂಗಡಿಯವರದ್ದು. ಒಂದೊಂದೇ ಬಿಡಿಬಿಡಿಯಾಗಿ ಮಾರೋದು ಯಾರು?

ರಾಯಚೂರಿನ ಅಂಗಡಿಯವ: ನಾನು ಕೊಡದಿದ್ರೆ ಪಕ್ಕದವ ಕೊಡ್ತಾನೆ ಸಾರ್. ನಿಮ್ಮ ಶಾಲೆ ಹುಡುಗರು ಯೂನಿಫಾರ್ಮ್‌ನಲ್ಲೇ ಬರ್ತಾರೆ, ಮೊದಲು ಅವರನ್ನ ಹಿಡೀರಿ.

ಮೇಷ್ಟ್ರು: ತಂಬಾಕು ಕಾನೂನಿಗೆ ನಮ್ಮ ರಾಜ್ಯ ತಂದ ತಿದ್ದುಪಡಿ ಓದಿದ್ದೀರಾ? 21 ತುಂಬದವರಿಗೆ ಮಾರೋ ಹಾಗಿಲ್ಲ, ಬಿಡಿ ಸಿಗರೇಟ್ ಅಂತೂ ಯಾರಿಗೂ ಇಲ್ಲ. ಶಾಲೆಯಿಂದ 100 ಮೀಟರ್ ಒಳಗೆ ಅಂಗಡಿಯಲ್ಲಿ ಇಡೋ ಹಾಗೂ ಇಲ್ಲ.

ಅಂಗಡಿಯವ: ಕಾನೂನು ಓದಿದ್ರೆ ಬಾಡಿಗೆ ಕಟ್ಟೋಕಾಗುತ್ತಾ? ಸಂಬಳದವರಿಗೆ ಮಾತು ಸುಲಭ.

ಬಳ್ಳಾರಿ ಸದಸ್ಯೆ: ಮಗಳ ಬ್ಯಾಗಲ್ಲಿ ಪುದೀನಾ ವಾಸನೆಯ ಸಿಗರೇಟ್ ಸಿಕ್ಕಿದೆ, ಪಿಯುಸಿ. ಹೇಗೆ ಮಾತಾಡಲಿ? ದಯವಿಟ್ಟು.

ಮೇಷ್ಟ್ರು: ಬಾಡಿಗೆಗೆ ಮಕ್ಕಳ ಎದೆ ಸುಡ್ತೀರಾ?

ಅಂಗಡಿಯವ: ನಾಲಿಗೆ ಬಿಗಿಹಿಡಿರಿ ಮೇಷ್ಟ್ರೇ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮಾನ್ವಿ ಸದಸ್ಯ: ಇ-ಸಿಗರೇಟ್‌ಗೆ ಬದಲಾಯಿಸಿದ್ರೆ ಹೇಗೆ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ಕುಷ್ಟಗಿ ಸದಸ್ಯ: ಸಿಗರೇಟ್ ಬಿಟ್ಟು ಪಾನ್ ಮಸಾಲಾಗೆ ತಂಬಾಕು ಬೆರೆಸಿ ತಿಂತಾನೆ. ಹೊಗೆ ಇಲ್ಲ ಅಲ್ವಾ?

ಡಾಕ್ಟರ್: ಬಾಯಿ ಕ್ಯಾನ್ಸರ್‌ಗೆ ಹೊಗೆ ಬೇಕಾಗಿಲ್ಲ. ಬಿಡಿಸಿ.

ಕೊಪ್ಪಳದ ಹಿರಿಯರು: ಆ ಪುಡಿ ನಮ್ಮ ಅಳಿಯನಿಗೆ ಕೆಲಸ ಮಾಡಿದೆ. ಡಾಕ್ಟರುಗಳಿಗೆ ಹಳೇ ಜ್ಞಾನ ಅಂದ್ರೆ ಆಗಲ್ಲ.

ಡಾಕ್ಟರ್: ಅಡ್ಮಿನ್, ಆ ಪೋಸ್ಟ್ ಅಳಿಸಿ. ಇಲ್ಲಾಂದ್ರೆ ನಾನು ಗುಂಪು ಬಿಡ್ತೀನಿ.

ಗಂಗಾವತಿಯ ತಾಯಿ: ಡಾಕ್ಟ್ರೇ, ಮಾವನಿಗೆ ಹೋದ ವರ್ಷ ಟಿಬಿ ಆಗಿತ್ತು. ಆರಾಮ ಆಯ್ತು ಅಂತ ಮಾತ್ರೆ ಎರಡು ತಿಂಗಳಿಗೇ ಬಿಟ್ರು. ಅದನ್ನೂ ಆಸ್ಪತ್ರೇಲಿ ಹೇಳಬೇಕಾ?

ಡಾಕ್ಟರ್: ಮೊದಲು ಅದನ್ನೇ ಹೇಳಿ. ಕೋರ್ಸ್ ಮುಗಿಸದಿದ್ರೆ ಔಷಧಕ್ಕೆ ಬಗ್ಗದ ಟಿಬಿ ಆಗಬಹುದು, ಅದೇ ಮಗನಿಗೆ ಅಂಟಿರಬಹುದು. ಮಾವನ ಹಳೇ ಚೀಟಿ ತಗೊಳ್ಳಿ, ಮಾವನನ್ನೂ, ಮನೇಲಿರೋ ಚಿಕ್ಕ ಮಕ್ಕಳನ್ನೂ ಕರ್ಕೊಂಡು ಹೋಗಿ.