ಸ್ಪ್ಯಾನಿಷ್ ರ‍್ಯಾಪ್ ಹಾಡುಗಳಲ್ಲಿ ಸತ್ತವನ ದನಿ

ಪ್ರಶ್ನೆ, ಬದಿಯಡ್ಕದಿಂದ:

ಮಾನ್ಯರೇ, ಕಳೆದ ಮಳೆಗಾಲದ ಬೈಕ್ ಅಪಘಾತದಲ್ಲಿ ಜೀವದ ಗೆಳೆಯನನ್ನು ಕಳೆದುಕೊಂಡ ನನ್ನ ಸೋದರಳಿಯ ಅಂದಿನಿಂದ ವೆನೆಜುವೆಲಾದ ಕಾನ್ಸೆರ್ಬೆರೊ ಎಂಬ ರ‍್ಯಾಪ್ ಗಾಯಕನ ಹಾಡುಗಳನ್ನೇ ಕೇಳುತ್ತಿದ್ದಾನೆ. ಅನುವಾದವನ್ನು ಮುಂದಿಟ್ಟುಕೊಂಡು ನಾನೂ ಕೇಳಿದೆ. 2010ರ ಆಲ್ಬಮ್ಮಿಗೆ ‘ವಿದಾ’, ಅಂದರೆ ಬದುಕು ಎಂದು ಹೆಸರು. 2012ರದಕ್ಕೆ ‘ಮುಎರ್ತೆ’, ಅಂದರೆ ಸಾವು. ಇದರಲ್ಲಿರುವ ‘ಎಸ್ ಎಪಿಕೊ’ ಎಂಬ ಹಾಡಿನಲ್ಲಿ ಸೇಡು, ಕೊಲೆ, ನರಕ, ಸೈತಾನ ಎಲ್ಲವೂ ಇವೆ. ಇದು ಹಿಂಸೆಯನ್ನು ಮೆರೆಸುವ ಹಾಡೇ, ಅಥವಾ ಆ ನಾಡಿನ ನಂಬಿಕೆಯೇನಾದರೂ ಇದರ ಹಿಂದಿದೆಯೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ, ಕುಂಬಳೆಯಿಂದ:

ಈ ಹಾಡಿನ ಕಥೆಯನ್ನು ಹೇಳುವವನು ಯಾರೆಂಬುದನ್ನು ತಾವು ಮೊದಲು ಗಮನಿಸಬೇಕು. ತನ್ನವನ ಸಾವಿಗೆ ಸೇಡು ತೀರಿಸಲು ಹೊರಟವನು ಕೊಂದು, ತಾನೂ ಸತ್ತು, ನರಕಕ್ಕಿಳಿದು ಸೈತಾನನಿಗೆ ಎದುರಾಗುತ್ತಾನೆ. ಆದರೂ ‘ನಾನು’ ಎನ್ನುವ ದನಿ ಎಲ್ಲಿಯೂ ಕಡಿಯುವುದಿಲ್ಲ. ಅನ್ಯಾಯವಾಗಿ ಮಡಿದವರು ದೈವವಾಗಿ ಬಂದು ತಮ್ಮ ಕಥೆಯನ್ನು ತಾವೇ ನುಡಿಯುವುದನ್ನು ಕೋಲದ ಅಂಗಳದಲ್ಲಿ ನಿಂತು ಕೇಳಿದ ನಮಗೆ ಇದು ತೀರ ಅಪರಿಚಿತವಲ್ಲ. ಗಾಯಕನ ಹೆಸರೂ ಅಲ್ಲಿಂದಲೇ, ಅಂದರೆ ಸತ್ತವರು ಹೊರಬರದಂತೆ ಪಾತಾಳದ ಬಾಗಿಲು ಕಾಯುವ ಗ್ರೀಕ್ ಪುರಾಣದ ಮೂರು ತಲೆಯ ನಾಯಿ ಸೆರ್ಬೆರಸ್‌ನಿಂದ ಬಂದಿದೆ. ‘ಹೆರೆಮಿಯಾಸ್ 17:5’ ಎಂಬ ಇನ್ನೊಂದು ಹಾಡಿನ ಶೀರ್ಷಿಕೆ, ಮನುಷ್ಯನನ್ನು ನಂಬಿದವನು ಶಾಪಗ್ರಸ್ತನೆನ್ನುವ ಬೈಬಲ್ ವಚನ. ಕ್ಯಾಥೊಲಿಕ್ ನಾಡಿನಲ್ಲಿ ಬೆಳೆದವರಿಗೆ ಸ್ವರ್ಗ ನರಕಗಳು ಮನೆಮಾತಿನಲ್ಲೇ ಇರುವುದರಿಂದ, ಬೀದಿಯ ಗುಂಡೇಟಿಗೂ ಅವರು ಅದೇ ಮಾತಿನಲ್ಲಿ ಅರ್ಥ ಹುಡುಕುತ್ತಾರೆ. ಕೊಂದವನಿಗೆ ನರಕ ಕಾದಿದೆ ಎಂದು ಹಾಡುವವನು ಕೊಲೆಯನ್ನು ಮೆರೆಸುತ್ತಿದ್ದಾನೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಷ್ಟೆಲ್ಲ ಬರೆದವನು 2015ರಲ್ಲಿ, ಕೇವಲ 26ನೆಯ ವಯಸ್ಸಿನಲ್ಲಿ ತೀರಿಕೊಂಡ.

ಉತ್ತರ, ಪೆರ್ಲದಿಂದ:

ಮೆಕ್ಸಿಕೊದ ಕಡೆ ಬಂದರೆ ಸಾವಿನ ಮುಖವೇ ಬೇರೆ. ಕಾರ್ತೆಲ್ ದೆ ಸಾಂತಾ ಎಂಬ ಅಲ್ಲಿಯ ರ‍್ಯಾಪ್ ತಂಡದ ಹಾಡುಗಳಲ್ಲಿ ‘ಸಾಂತಾ ಮುಎರ್ತೆ’, ಅಂದರೆ ಅಸ್ಥಿಪಂಜರದ ರೂಪದ ಸಾವಿನ ತಾಯಿ, ಕಾಪಾಡೆಂದು ಮೊರೆಯಿಡಬಹುದಾದ ದೇವತೆ. ಚರ್ಚ್ ಈ ಆರಾಧನೆಯನ್ನು ಒಪ್ಪದಿದ್ದರೂ ಮೆಕ್ಸಿಕೊ ನಗರದ ತೆಪಿತೊದಲ್ಲಿ 2001ರಿಂದ ಅವಳ ಗುಡಿ ಬೀದಿಯಲ್ಲೇ ಇದೆ. ನವೆಂಬರ್ 1 ಮತ್ತು 2ರಂದು ಅಲ್ಲಿಯ ಮನೆಗಳಲ್ಲಿ ಸತ್ತವರಿಗೆ ಅವರ ಇಷ್ಟದ ಅಡುಗೆಯನ್ನು ಬಡಿಸಿ, ಅವರು ದಾರಿ ಗುರುತಿಸಿ ಬರಲೆಂದು ಗೊಂಡೆ ಹೂವಿನ ಎಸಳು ಚೆಲ್ಲುತ್ತಾರೆ. ನಮ್ಮ ಗೊಂಡೆಯ ಮೂಲವೂ ಆ ನಾಡೇ.

ಉತ್ತರ, ಮಂಜೇಶ್ವರದಿಂದ:

ಕುಂಬಳೆಯವರ ಹೋಲಿಕೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಾದಾಡಿ ಮಡಿದ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರಿಗೆ ಗರಡಿಗಳೆಂಬ ಗುಡಿಗಳಿವೆ, ನೇಮವೆಂಬ ಆರಾಧನೆಯಿದೆ, ಕೈಮುಗಿಯುವ ಊರಿದೆ. ಕಾನ್ಸೆರ್ಬೆರೊನ ನಿರೂಪಕನಿಗೆ ಮರಳಿ ಬರಲು ಅಂಗಳವೇ ಇಲ್ಲ. ಅವನ ಮಾತನ್ನು ಕೇಳಿಸಿಕೊಳ್ಳುವವನು ಸೈತಾನನೊಬ್ಬನೇ. ತಮ್ಮ ಅಳಿಯ ಇದನ್ನು ಒಬ್ಬನೇ ಕೂತು ಕೇಳುತ್ತಿದ್ದರೆ ದಯವಿಟ್ಟು ಜೊತೆಗೆ ಕೂತುಕೊಳ್ಳಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಇಬ್ಬರೂ ಕೂತು ಆ ಹಾಡನ್ನು ಪೂರ್ತಿ ಕೇಳಿದೆವು. ಸತ್ತವನಿಗೆ ಇನ್ನೂ ಹೇಳುವುದು ಉಳಿದಿರುತ್ತದೆಯೇ ಎಂದು ಅವನು ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಈ ಆಟಿ ತಿಂಗಳಲ್ಲಿ ಗತಿಸಿದವರಿಗೆ ಬಡಿಸುವ ದಿನ ಗೆಳೆಯನ ಮನೆಯವರು ಅವನನ್ನೂ ಬರಹೇಳಿದ್ದಾರೆ. ನಾನೇ ಕರೆದುಕೊಂಡು ಹೋಗುತ್ತೇನೆ.