ಪೌತಿ ಖಾತೆಗೆ 18 ಸಾವಿರ ಕೇಳ್ತಿದ್ದಾರೆ, ಲೋಕಾಯುಕ್ತಕ್ಕೆ ಹೋಗಲಾ? ಅನುಭವ ಇದ್ದವರು ಹೇಳಿ

ರೈತನ ಮಗ, ಹಾಸನ ಕಡೆ
ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾಯ್ತು. 2 ಎಕರೆ 14 ಗುಂಟೆ ಅಮ್ಮನ ಹೆಸರಿಗೂ ನನ್ನ ಹೆಸರಿಗೂ ಆಗಬೇಕು. ವಂಶವೃಕ್ಷ, ಮರಣ ಪ್ರಮಾಣಪತ್ರ ಎಲ್ಲಾ ಕೊಟ್ಟಾಗಿದೆ. ಏಳು ಸಲ ಅಲೆದೆ. ಈಗ ಮಧ್ಯವರ್ತಿ ಕೈಲಿ 18 ಸಾವಿರ ಅಂತ ಹೇಳಿ ಕಳಿಸಿದ್ದಾರೆ. ಖಾತೆ ಆಗದೆ ಸೊಸೈಟಿ ಸಾಲ ಸಿಗಲ್ಲ. ಟ್ರ್ಯಾಪ್ ಮಾಡಿಸೋಣ, ಅಂದರೆ ದುಡ್ಡು ತಗೊಳ್ಳುವಾಗಲೇ ಹಿಡಿಸೋಣ ಅನ್ನಿಸ್ತಿದೆ. ಆದರೆ 2016ರಲ್ಲಿ ಲೋಕಾಯುಕ್ತದ ಅಧಿಕಾರ ಕಿತ್ತು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿದ್ದು, 2022ರಲ್ಲಿ ಹೈಕೋರ್ಟೇ ಅದನ್ನ ಮುಚ್ಚಿಸಿದ್ದು ನೋಡಿದ ಮೇಲೆ, ಲಂಚ ನಿಲ್ಲಿಸೋ ಮನಸ್ಸು ಸರ್ಕಾರಕ್ಕೆ ಇದೆಯಾ ಅಂತಲೇ ಅನುಮಾನ. ದೂರು ಕೊಟ್ಟವರು ಆಮೇಲೆ ಏನಾಯ್ತು ಅಂತ ಹೇಳ್ತೀರಾ?

ಮೋಟಾರ್ ವೈಂಡಿಂಗ್, ಚಿತ್ರದುರ್ಗ
ನಾನು ಮಾಡಿಸಿದ್ದೀನಿ. 2019, ಆಗ ಎಸಿಬಿ. ಪೋಡಿ, ಅಂದರೆ ಜಮೀನು ಅಳೆದು ಭಾಗ ಬೇರೆ ಮಾಡೋ ಕೆಲಸ, ಕೇಳಿದ್ದು 12 ಸಾವಿರ. 500ರ 24 ನೋಟು. ದುಡ್ಡು ನನ್ನದೇ, ಹೆಂಡತಿ ಓಲೆ ಅಡ ಇಟ್ಟು ತಂದಿದ್ದು. ಪೌಡರ್ ಸವರಿ ಎಸಿಬಿಯವರೇ ನನ್ನ ಜೇಬಿಗಿಟ್ಟರು, ಅಲ್ಲಿಯವರೆಗೂ ಮುಟ್ಟಬೇಡ ಅಂದರು. ಆ ಮನುಷ್ಯ ಎಣಿಸಿ ಮೇಜಿನ ಡ್ರಾದಲ್ಲಿಟ್ಟ. ಗಾಜಿನ ಲೋಟದಲ್ಲಿ ಅವನ ಬೆರಳು ಅದ್ದಿಸಿದಾಗ ಆ ಪೌಡರಿಗೆ ಬಲಗೈ ನೀರು ಕಡು ಗುಲಾಬಿ, ಎಡಗೈದು ಸ್ವಲ್ಪ ತೆಳು. ಜಾತ್ರೆ ಶರಬತ್ತಿನ ಬಣ್ಣ. ಸಿಕ್ಕಿಬಿದ್ದವನು ಅವನು, ಕಾಲು ನಡುಗ್ತಿದ್ದದ್ದು ನನ್ನದು.

ಮಾರನೇ ದಿನದಿಂದ ನನ್ನ ಕಷ್ಟ ಶುರು. ನನ್ನ ಪೋಡಿ ಕಡತವೇ ಸಾಕ್ಷ್ಯ ಅಂತ ಜಪ್ತಿ ಆಯ್ತು. ಪೋಡಿ ಆಗೋಕೆ ಇನ್ನೂ 14 ತಿಂಗಳು ಹಿಡೀತು. ಖರ್ಚು ಡೈರಿಯಲ್ಲಿ ಬರೆದಿಟ್ಟಿದ್ದೀನಿ. ಇಲ್ಲಿವರೆಗೆ 17 ಸಲ ಓಡಾಟ. ಬಸ್ಸಿಗೆ 190, ಊಟ ಟೀಗೆ 100, ಅಂಗಡಿ ಬಾಗಿಲು ಹಾಕಿದ್ದಕ್ಕೆ 900. ಒಟ್ಟು 20,230. ಓಲೆ ಬಡ್ಡಿ 2,640. ಟ್ರ್ಯಾಪ್ ದುಡ್ಡು ಏಳು ತಿಂಗಳಿಗೆ ವಾಪಸ್ ಬಂತು ಅನ್ನಿ. 12 ಸಾವಿರ ಕೊಡಲ್ಲ ಅಂದಿದ್ದಕ್ಕೆ 22,870 ಕಳಕೊಂಡೆ.

ಅವನು? ಆರು ತಿಂಗಳು ಸಸ್ಪೆಂಡ್, ಆಮೇಲೆ ಪಕ್ಕದ ತಾಲ್ಲೂಕಿನಲ್ಲಿ ಅಂಥದೇ ಕುರ್ಚಿ. ಅವನ ಮೇಲೆ ಕೋರ್ಟಲ್ಲಿ ಕೇಸು ನಡೆಸೋಕೆ (ಅಭಿಯೋಜನೆಗೆ) ಸರ್ಕಾರದ ಅನುಮತಿ ಮೂರು ತಿಂಗಳಲ್ಲಿ, ಹೆಚ್ಚೆಂದರೆ ನಾಲ್ಕರಲ್ಲಿ ಕೊಡಬೇಕು ಅಂತ ಕಾನೂನಿದೆ. ನನ್ನ ಕೇಸಲ್ಲಿ 11 ತಿಂಗಳು. ಸರ್ಕಾರದ ಮನಸ್ಸು ಗೊತ್ತಾಗೋದು ಆ ಸಹಿ ಬೀಳೋ ಹೊತ್ತಿಗೆ. ದಾಳಿ ದಿನ ಪೇಪರಲ್ಲಿ ಫೋಟೋ ಎಲ್ಲರದ್ದೂ ಬರುತ್ತೆ. ಆದರೂ ಮತ್ತೆ ಯಾರಾದರೂ ಕೇಳಿದರೆ ಮತ್ತೆ ಹಿಡಿಸ್ತೀನಿ.

ಗೃಹಿಣಿ, ದಾವಣಗೆರೆ
ನಾನು ಕೊಟ್ಟೆ. ಮುಚ್ಚಿಡೋದೇನಿಲ್ಲ. ಸೈಟಿನ ಇ-ಖಾತೆಗೆ 22 ಸಾವಿರ: 15 ಒಳಗಿನವರಿಗೆ, 5 ಏಜೆಂಟಿಗೆ, ಕೊನೇ ದಿನ 'ಸರ್ವರ್ ಖರ್ಚು' ಅಂತ ಇನ್ನೂ 2. ಬ್ಯಾಂಕ್ ಸಾಲದ ಮಂಜೂರಾತಿ ಪತ್ರದ ಅವಧಿಗೆ 19 ದಿನ ಉಳಿದಿತ್ತು. ಮನೆಯವರಿಗೆ ವಾರಕ್ಕೆರಡು ಡಯಾಲಿಸಿಸ್. ನಾನು ಆಸ್ಪತ್ರೆಗೆ ಓಡಲಾ, ಕೋರ್ಟಿಗೆ ಓಡಲಾ? ದುಡ್ಡು ಕೊಟ್ಟು ಹೊರಗೆ ಬಂದು ಗೇಟಿನ ಹತ್ತಿರ ಅತ್ತೆ. ಮೂರನೇ ದಿನ ಖಾತೆ ಬಂತು. ಎಂಟು ತಿಂಗಳಿಂದ ಇಲ್ಲದ ಸರ್ವರ್ ಮೂರು ದಿನದಲ್ಲಿ ಸರಿಹೋಯ್ತು.

ಮೋಟಾರ್ ವೈಂಡಿಂಗ್, ಚಿತ್ರದುರ್ಗ
ಮೇಡಂ, ನೀವು 22 ಕೊಟ್ಟಿದ್ದಕ್ಕೇ ಈ ಹುಡುಗನ ಹತ್ತಿರ 18 ಕೇಳೋ ಧೈರ್ಯ ಬಂದಿರೋದು. ಭ್ರಷ್ಟಾಚಾರ ತಡೆ ಕಾಯ್ದೆ ಪ್ರಕಾರ ಕೊಡೋದೂ ಅಪರಾಧ.

ಗೃಹಿಣಿ, ದಾವಣಗೆರೆ
ನಿಮಗೆ ಬಾಗಿಲು ಹಾಕೋಕೆ ಒಂದು ಅಂಗಡಿಯಾದರೂ ಇತ್ತು ಅಣ್ಣ. ನಮ್ಮ ಮನೆಯಲ್ಲಿ ಮೆಷಿನ್ನಿಗೆ ಕೂರೋ ದಿನ ತಪ್ಪಿಸೋಕಾಗಲ್ಲ. ಅಪರಾಧಿ ಅನ್ನೋಕೆ ಮುಂಚೆ ಒಂದು ಸಲ ನಮ್ಮ ಮನೆಗೆ ಬಂದು ನೋಡಿ.

ವಕೀಲ, ಮೈಸೂರು
2018ರ ತಿದ್ದುಪಡಿಯಲ್ಲಿ ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಅಪರಾಧ ಆಗಲ್ಲ. ಮೊದಲೇ ತಿಳಿಸಿ ಟ್ರ್ಯಾಪಿಗೆ ಕೊಡೋದಂತೂ ಆಗೋದೇ ಇಲ್ಲ. ಕಾನೂನು ಅರ್ಧ ಓದಿ ಒಬ್ಬ ಹೆಣ್ಣುಮಗಳನ್ನ ಹೆದರಿಸಬೇಡಿ.

ಮೋಟಾರ್ ವೈಂಡಿಂಗ್, ಚಿತ್ರದುರ್ಗ
ಅವರು ಏಳು ದಿನದಲ್ಲಿ ದೂರು ಕೊಟ್ಟರಾ? ಅದನ್ನ ಕೇಳಿ.

ನಿವೃತ್ತ ಎಫ್‌ಡಿಎ
ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕನಾಗಿ 34 ವರ್ಷ ಸೇವೆ ಮಾಡಿದ್ದೀನಿ, ಒಂದು ಟೀ ಕೂಡ ಯಾರ ಕೈಯಿಂದ ಕುಡಿದವನಲ್ಲ. ಅದಕ್ಕೆ ಸಿಕ್ಕಿದ್ದು 11 ವರ್ಗಾವಣೆ. ಮಗಳ ಎಸ್ಸೆಸ್ಸೆಲ್ಸಿ ವರ್ಷದಲ್ಲೇ ಎರಡು. ಪೆನ್ಷನ್ ಕಾಗದ ಮುಂದೆ ಹೋಗೋಕೆ ನನ್ನ ಕೈಯಲ್ಲೇ 6 ಸಾವಿರ ಕೇಳಿದರು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರೇ. ಕೊಡಲಿಲ್ಲ, ಐದು ತಿಂಗಳು ಪೆನ್ಷನ್ ಇಲ್ಲದೆ ಕೂತೆ. ಇಲ್ಲಿ ಎಲ್ಲರೂ ಗುಮಾಸ್ತನನ್ನೇ ಬೈತಿದ್ದೀರಿ. ಶಾಸಕರ ಪತ್ರ ಇಲ್ಲದೆ ಒಳ್ಳೆ ಜಾಗ ಸಿಗಲ್ಲ, ಪತ್ರ ಬಿಟ್ಟಿ ಬರಲ್ಲ. ಆ ದುಡ್ಡನ್ನ ಅವನು ಹೊಲದಲ್ಲಿ ಬೆಳೀತಾನಾ?

ಗೃಹಿಣಿ, ದಾವಣಗೆರೆ
ಸರ್, ಅವನು ಕುರ್ಚಿಗೆ ಕೊಟ್ಟ ದುಡ್ಡನ್ನ ನನ್ನ ಯಜಮಾನರ ಔಷಧಿ ದುಡ್ಡಲ್ಲಿ ತೀರಿಸ್ಕೋಬೇಕಾ?

ಗಣಿ ಸೀಮೆಯವ, ಸಂಡೂರು
ಮನಸ್ಸಿನ ಮಾತು ಬಂತಲ್ಲ. ಬೇಲೆಕೇರಿ ಬಂದರಿನಿಂದ ಅದಿರು ಹೋದಾಗ ನಮ್ಮೂರ ರಸ್ತೆಯಲ್ಲಿ ಲಾರಿ ಸಾಲು ನೋಡಿ ಬೆಳೆದವನು ನಾನು. ಮನೆಯ ಬಾವಿ ನೀರೂ ಕೆಂಪು. ಸರ್ಕಾರ ಸಹಕರಿಸ್ತಿಲ್ಲ ಅಂತ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2010ರಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ವಾಪಸ್ ತಗೊಂಡರು. 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಅವರ ವರದಿ ಬಂದು ಮುಖ್ಯಮಂತ್ರಿ ಕುರ್ಚಿಯೇ ಹೋಯ್ತು. ಅಷ್ಟು ಹಲ್ಲಿದ್ದ ಸಂಸ್ಥೆಯನ್ನ ಉಳಿಸಿಕೊಳ್ಳೋಕೆ ಯಾರಿಗೆ ಬೇಕಿತ್ತು? ಕಾಂಗ್ರೆಸ್ 2016ರಲ್ಲಿ ಎಸಿಬಿ ತಂತು. ಬೇಡ ಅಂದಿದ್ದ ಬಿಜೆಪಿ ಅಧಿಕಾರಕ್ಕೆ ಬಂದು ಮೂರು ವರ್ಷ ಅದನ್ನೇ ಇಟ್ಕೊಂಡಿತು. ಕೋರ್ಟ್ ಹೇಳೋವರೆಗೂ ಇಬ್ಬರೂ ಕೈ ಹಚ್ಚಲಿಲ್ಲ.

ಮಂಡ್ಯದವನು
ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. 40 ಪರ್ಸೆಂಟ್ ಕಮಿಷನ್ ಕೇಳ್ತಾರೆ ಅಂತ ಗುತ್ತಿಗೆದಾರರ ಸಂಘ ಪ್ರಧಾನಿಗೇ ಪತ್ರ ಬರೆದದ್ದು ಯಾರ ಕಾಲದಲ್ಲಿ?

ಗಣಿ ಸೀಮೆಯವ, ಸಂಡೂರು
ರಾಜ್ಯದಲ್ಲಿ ತನಿಖೆ ಮಾಡೋಕೆ ಸಿಬಿಐಗೆ ಕೊಟ್ಟಿದ್ದ ಒಪ್ಪಿಗೆಯನ್ನ 2024ರ ಸೆಪ್ಟೆಂಬರಿನಲ್ಲಿ ವಾಪಸ್ ತಗೊಂಡಿದ್ದು ಯಾರ ಕಾಲದಲ್ಲಿ? ನನಗೆ ಪಕ್ಷ ಕಟ್ಟಬೇಡಿ. ಧೂಳು ಕುಡಿದವರು ನಾವು.

ಸೈಬರ್ ಸೆಂಟರ್, ಗದಗ
ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕು ಅನ್ನೋ ಸಕಾಲ ಕಾಯ್ದೆ ಬಗ್ಗೆ ಯಾರೂ ಹೇಳಲೇ ಇಲ್ಲ. ಅರ್ಜಿಗೆ ಕೊಡೋ ಜಿಎಸ್‌ಸಿ ನಂಬರ್ ಇಟ್ಕೊಂಡು ಮೇಲ್ಮನವಿ ಹಾಕಿದೆ. 13 ದಿನ ತಡ, ದಿನಕ್ಕೆ 20ರಂತೆ 260 ರೂಪಾಯಿ ಬರಬೇಕಿತ್ತು. ಬರಲಿಲ್ಲ, ಆದರೆ ಕೆಲಸ ಆಯ್ತು. ಎರಡನೇ ಅರ್ಜಿಗೆ ಅವಧಿ ಮುಗಿಯೋ ದಿನ ಸಂಜೆ 'ದಾಖಲೆ ಅಪೂರ್ಣ, ತಿರಸ್ಕೃತ' ಅಂತ ಹಾಕಿದರು. ಅವರ ಲೆಕ್ಕದಲ್ಲಿ ಅದು ವಿಲೇವಾರಿ. ನಾನು ಮತ್ತೆ ಮೊದಲಿಂದ.

ನಿವೃತ್ತ ಎಫ್‌ಡಿಎ
ಖಾಲಿ ಹುದ್ದೆ ತುಂಬದೆ ಒಬ್ಬನ ತಲೆಗೆ ಮೂರು ಟೇಬಲ್ ಕಟ್ಟಿದರೆ ತಿರಸ್ಕೃತ ಅಂತ ಬರೆಯದೆ ಇನ್ನೇನು ಮಾಡ್ತಾರೆ?

ಸೈಬರ್ ಸೆಂಟರ್, ಗದಗ
ದುಡ್ಡು ಕೊಟ್ಟವರದ್ದು ಅದೇ ಟೇಬಲ್ಲಿನಲ್ಲಿ ಒಂದೇ ದಿನಕ್ಕೆ ಆಗಿದ್ದನ್ನ ನನ್ನ ಅಂಗಡಿಯಿಂದಲೇ ನೋಡಿದ್ದೀನಿ.

ಮಂಡ್ಯದವನು
ಟ್ರ್ಯಾಪೂ ಆಗಲ್ಲ ಬಿಡಿ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ 17ಎ ಕಲಂ ಅಂತ ಬಂದಿದೆ, ಸರ್ಕಾರದ ಅನುಮತಿ ಇಲ್ಲದೆ ತನಿಖೆಯೇ ಇಲ್ಲ.

ವಕೀಲ, ಮೈಸೂರು
ತಪ್ಪು. ಲಂಚ ತಗೊಳ್ಳುವಾಗ ಸ್ಥಳದಲ್ಲೇ ಹಿಡಿಯೋ ಕೇಸಿಗೆ 17ಎ ಅನುಮತಿ ಬೇಕಿಲ್ಲ. ಕಡತದ ಮೇಲೆ ಕೋಟಿ ಕೋಟಿ ನಿರ್ಧಾರ ಮಾಡೋರಿಗೆ ಅದು ಕವಚ. 12 ಸಾವಿರದವನು ಸಿಗ್ತಾನೆ, ದೊಡ್ಡವರ ಹೆಸರು ಅನುಮತಿ ಕಾಯ್ತಾ ಕೂರುತ್ತೆ. ನನ್ನ ಸಿಟ್ಟು ಅದಕ್ಕೆ.

ರೈತನ ಮಗ, ಹಾಸನ ಕಡೆ
ಎಲ್ಲರದ್ದೂ ಅಮ್ಮನಿಗೆ ಓದಿ ಹೇಳಿದೆ. ದಾವಣಗೆರೆ ಅಕ್ಕ ಹೇಳಿದ್ದಕ್ಕೆ ಅಮ್ಮ ಕಣ್ಣೀರು ಹಾಕಿದಳು. ಕೊಟ್ಟುಬಿಡು ಅಂತಿದ್ದಾಳೆ. ನನಗೆ ಕೈ ಬರ್ತಿಲ್ಲ. ಸೋಮವಾರ ಬಾ ಅಂದಿದ್ದಾರೆ.

ಮೋಟಾರ್ ವೈಂಡಿಂಗ್, ಚಿತ್ರದುರ್ಗ
ತಮ್ಮಾ, ಎಲ್ಲಿಗೇ ಹೋಗು, ಸೋಮವಾರಕ್ಕೆ ಮುಂಚೆ ನಿನ್ನ ಅರ್ಜಿ, ಸ್ವೀಕೃತಿ, ವಂಶವೃಕ್ಷ ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸು. ಕಡತದ ದೃಢೀಕೃತ ನಕಲಿಗೆ ಇವತ್ತೇ ಅರ್ಜಿ ಹಾಕು. ನನ್ನದು ಜಪ್ತಿ ಆದ ದಿನ ನನ್ನ ಹತ್ತಿರ ಒಂದು ಹಾಳೆಯೂ ಇರಲಿಲ್ಲ.