ಸಮುದ್ರದ ದಾರಿಯಲ್ಲಿ ಗುಲಾಮಗಿರಿಯಿಂದ ಪಾರಾದ ಹೆಂಗಸರು: ಅವರು ಹಡಗು ಹತ್ತಿದ್ದು ಹೇಗೆ?

ಪ್ರಶ್ನೆ

ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಬಗ್ಗೆ ಓದುವಾಗಲೆಲ್ಲ ಸಮುದ್ರ ನನಗೆ ಒಂದೇ ರೂಪದಲ್ಲಿ ಕಾಣಿಸಿದೆ: ಆಫ್ರಿಕದ ಕರಾವಳಿಯಿಂದ ಜನರಿಗೆ ಸರಪಳಿ ಬಿಗಿದು ಹೊತ್ತೊಯ್ದ ದಾರಿಯಾಗಿ. ಅದೇ ನೀರನ್ನು ನಂಬಿ ಒಡೆಯರಿಂದ ತಪ್ಪಿಸಿಕೊಂಡವರೂ ಇದ್ದರು, ಅವರಲ್ಲಿ ಹೆಂಗಸರೂ ಇದ್ದರು ಎಂದು ಈಚೆಗೆ ತಿಳಿದ ಮೇಲೆ ಒಂದೆರಡು ಸಂದೇಹಗಳು ಬಿಡದೆ ಕಾಡುತ್ತಿವೆ. ಆ ಕಾಲದ ಹಡಗುಗಳಲ್ಲಿ ದುಡಿಯುತ್ತಿದ್ದವರು ಬಹುತೇಕ ಗಂಡಸರೇ. ಹಾಗಿರುವಾಗ ಒಬ್ಬ ಹೆಂಗಸು, ಅದೂ ಬಿಡುಗಡೆಯ ಪತ್ರವಿಲ್ಲದವಳು, ಹಡಗು ಹತ್ತಿದ್ದು ಹೇಗೆ? ಇಳಿದ ಊರಿನಲ್ಲಿ ಅವಳು ನಿಜಕ್ಕೂ ಸ್ವತಂತ್ರಳಾದಳೆ? ಹೆಸರು, ಊರು, ವರ್ಷ ಗೊತ್ತಿರುವ ನಿದರ್ಶನಗಳಿದ್ದರೆ ದಯವಿಟ್ಟು ತಿಳಿಸಿ. ಒಟ್ಟಾರೆ ವಿವರಣೆಗಿಂತ ಒಬ್ಬೊಬ್ಬರ ಬದುಕು ತಿಳಿಯಬೇಕೆಂಬುದು ನನ್ನ ಆಸೆ.

ಮೊದಲ ಉತ್ತರ

ಓನಾ ಜಡ್ಜ್ ಅವರಿಂದಲೇ ಆರಂಭಿಸುತ್ತೇನೆ. ವರ್ಜೀನಿಯದ ಮೌಂಟ್ ವರ್ನನ್‌ನಲ್ಲಿ, ಜಾರ್ಜ್ ವಾಷಿಂಗ್ಟನ್ ಅವರ ಎಸ್ಟೇಟಿನಲ್ಲಿ, ಹೊಲಿಗೆ ಬಲ್ಲ ತಾಯಿಯ ಮಗಳಾಗಿ ಹುಟ್ಟಿದ ಓನಾ, ವಾಷಿಂಗ್ಟನ್ ಅಧ್ಯಕ್ಷರಾದ ಮೇಲೆ ಅವರ ಪತ್ನಿ ಮಾರ್ಥಾ ಅವರ ಸೇವಕಿಯಾಗಿ ಫಿಲಡೆಲ್ಫಿಯಕ್ಕೆ ಬಂದರು. ಹೊರಗಿನಿಂದ ಕರೆತಂದ ಗುಲಾಮರು ಆರು ತಿಂಗಳು ಪೆನ್ಸಿಲ್ವೇನಿಯದಲ್ಲಿ ನೆಲೆಸಿದರೆ ಬಿಡುಗಡೆ ಕೇಳಬಹುದೆಂದು ಅಲ್ಲಿನ 1780ರ ಕಾನೂನು ಹೇಳುತ್ತಿತ್ತು. ಅದಕ್ಕಾಗಿಯೇ ಅವಧಿ ತುಂಬುವ ಮೊದಲು ಅವರನ್ನು ಗಡಿಯಾಚೆ ಕಳುಹಿಸಿ ಮತ್ತೆ ಕರೆಸಿಕೊಳ್ಳಲಾಗುತ್ತಿತ್ತು. 1796ರಲ್ಲಿ, ತನ್ನನ್ನು ಮಾರ್ಥಾ ಅವರ ಮೊಮ್ಮಗಳಿಗೆ ಕೊಡುಗೆಯಾಗಿ ಕೊಡಲಿದ್ದಾರೆಂದು ಓನಾ ಅವರಿಗೆ ತಿಳಿಯಿತು. ಮನೆಯವರು ವರ್ಜೀನಿಯಕ್ಕೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದಾಗ ಓನಾ ತಮ್ಮ ಪ್ರಯಾಣಕ್ಕೆ ಸಿದ್ಧರಾದರು, ಬಟ್ಟೆಬರೆಯನ್ನು ಊರಿನ ಸ್ವತಂತ್ರ ಕಪ್ಪು ಜನರ ಮನೆಗೆ ಮೊದಲೇ ಸಾಗಿಸಿದರು, ಮೇ 21ರಂದು ಮನೆಯವರು ಊಟಕ್ಕೆ ಕುಳಿತಿದ್ದ ಹೊತ್ತಿಗೆ ಹೊರನಡೆದರು.

ಒಂದೆರಡು ದಿನಗಳಲ್ಲಿ ಪತ್ರಿಕೆಯಲ್ಲಿ ಬಂದ ಜಾಹೀರಾತು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಮುಖದ ಮೇಲಿನ ಮಚ್ಚೆಗಳು, ಕಡುಕಪ್ಪು ಕಣ್ಣು, ಪೊದೆಗೂದಲು, ತೆಳು ಮೈಕಟ್ಟು, ಸುಮಾರು 20ರ ಪ್ರಾಯ ಎಂದೆಲ್ಲ ವರ್ಣಿಸಿ, ಹಿಡಿದುಕೊಟ್ಟವರಿಗೆ 10 ಡಾಲರ್ ಎಂದು ಘೋಷಿಸಿದ ಅದೇ ಜಾಹೀರಾತು, ಆಕೆ ಜಲಮಾರ್ಗವಾಗಿ ಹೋಗಬಹುದೆಂದೂ, ಸ್ವತಂತ್ರ ಹೆಂಗಸೆಂದು ಹೇಳಿಕೊಳ್ಳಬಹುದೆಂದೂ, ಪ್ರಯಾಣದ ದರ ಕೊಡುವಷ್ಟು ಹಣ ಆಕೆಯಲ್ಲಿದೆಯೆಂದೂ ಹೇಳಿ, ಹತ್ತಿಸಿಕೊಳ್ಳಬಾರದೆಂದು ಹಡಗುಗಳ ಯಜಮಾನರನ್ನು ಎಚ್ಚರಿಸುತ್ತದೆ. ಅಂದರೆ ಗುಲಾಮರ ಒಡೆಯರು ಹಡಗುಕಟ್ಟೆಗೆ ಎಷ್ಟು ಹೆದರುತ್ತಿದ್ದರೆಂಬುದು ಅವರ ಮಾತಿನಲ್ಲೇ ಇದೆ. ಓನಾ, ಜಾನ್ ಬೋಲ್ಸ್ ಎಂಬ ನಾಯಕನ 'ನ್ಯಾನ್ಸಿ' ಎಂಬ ಹಡಗಿನಲ್ಲಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ತಿನ ದಾರಿ ಹಿಡಿದರು. ಆ ನಾಯಕನಿಗೆ ತೊಂದರೆಯಾಗಬಾರದೆಂದು ಆತ ತೀರಿಕೊಳ್ಳುವವರೆಗೂ ಆತನ ಹೆಸರನ್ನು ಅವರು ಬಾಯಿಬಿಡಲಿಲ್ಲ. ಈ ಒಂದು ಮೌನವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ಕಾನೂನು ಅವರನ್ನು ಎಂದೂ ಬಿಡುಗಡೆ ಮಾಡಲಿಲ್ಲ. ಪೋರ್ಟ್ಸ್‌ಮತ್ ಬಂದರಿನ ಸುಂಕದ ಅಧಿಕಾರಿಯ ಮೂಲಕ ಅವರನ್ನು ಮರಳಿ ತರಿಸಲು ವಾಷಿಂಗ್ಟನ್ ನೋಡಿದರು. 1799ರಲ್ಲಿ ಮಾರ್ಥಾ ಅವರ ಸಂಬಂಧಿಯೊಬ್ಬರು ಅದೇ ಉದ್ದೇಶದಿಂದ ಬಂದಾಗ, ಮುನ್ಸೂಚನೆ ಸಿಕ್ಕ ಓನಾ ಗ್ರೀನ್‌ಲ್ಯಾಂಡ್ ಎಂಬ ಪಕ್ಕದ ಊರಿಗೆ ಹೋಗಿ ಅಡಗಿದರು. ನಾವಿಕನೊಬ್ಬನನ್ನು ಮದುವೆಯಾದರು, ಗಂಡನನ್ನು ಬೇಗ ಕಳೆದುಕೊಂಡರು, ಬಡತನದಲ್ಲಿ ಬದುಕಿದರು. ಹೊರಟು ಬಂದದ್ದಕ್ಕೆ ಪಶ್ಚಾತ್ತಾಪವಿದೆಯೆ ಎಂದು ಮುಪ್ಪಿನಲ್ಲಿ ಸಂದರ್ಶಕರೊಬ್ಬರು ಕೇಳಿದಾಗ, ಇಲ್ಲ, ನಾನು ಸ್ವತಂತ್ರಳು ಎಂದರು. 1848ರಲ್ಲಿ ತೀರಿಕೊಂಡಾಗಲೂ ಅವರು ಕಾನೂನಿನ ದೃಷ್ಟಿಯಲ್ಲಿ ಪರರ ಸೊತ್ತಾಗಿಯೇ ಇದ್ದರು.

ಎರಡನೆಯ ಉತ್ತರ

ಹೀಗೆ ಪಾರಾದ ಹೆಂಗಸರ ಸಂಖ್ಯೆ ಗಂಡಸರಿಗಿಂತ ಕಡಿಮೆ ಏಕೆ ಎಂಬುದನ್ನೂ ಇಲ್ಲಿ ಹೇಳಬೇಕು. ದೋಣಿ ನಡೆಸುವುದು, ಮೀನು ಹಿಡಿಯುವುದು, ಸರಕು ಏರಿಸುವುದು ಗಂಡಸರ ಪಾಲಿನ ಕೆಲಸಗಳಾಗಿದ್ದುದರಿಂದ ಗಾಳಿ, ಭರತ, ಹಡಗಿನ ವೇಳೆ ಎಲ್ಲವೂ ಅವರಿಗೆ ಗೊತ್ತಿರುತ್ತಿತ್ತು. ಹೆಂಗಸರಿಗಿದ್ದ ದೊಡ್ಡ ತಡೆ ಮಕ್ಕಳು. ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಎಂಬ 1662ರ ವರ್ಜೀನಿಯದ ಕಾನೂನಿನಂತೆ, ಗುಲಾಮಳ ಮಗು ಹುಟ್ಟಿನಿಂದಲೇ ಒಡೆಯನದು. ಮಗುವನ್ನು ಬಿಟ್ಟು ಹೋಗುವುದಕ್ಕೂ ಆಗದು, ಹಡಗಿನ ಒಡಲಲ್ಲಿ ಅಳುವ ಮಗುವನ್ನು ಬಚ್ಚಿಡುವುದಕ್ಕೂ ಆಗದು.

ಉತ್ತರ ಕೆರೊಲಿನದ ಈಡೆಂಟನ್ ಬಂದರಿನ ಹ್ಯಾರಿಯೆಟ್ ಜೇಕಬ್ಸ್ ಅವರ ಬದುಕು ಇದಕ್ಕೆ ಸಾಕ್ಷಿ. 1835ರಲ್ಲಿ ಒಡೆಯನ ಮನೆಯಿಂದ ತಪ್ಪಿಸಿಕೊಂಡ ಅವರು, ನಾವಿಕನ ಉಡುಪು ತೊಟ್ಟು, ಮುಖಕ್ಕೆ ಇದ್ದಿಲು ಬಳಿದುಕೊಂಡು ಬೀದಿಯಲ್ಲಿ ನಡೆದುಹೋದರು. ಆದರೆ ಹಡಗು ಹತ್ತುವ ಬದಲು ಅಜ್ಜಿಯ ಮನೆಯ ಸೂರಿನಡಿಯ ಸಂದಿಯೊಂದರಲ್ಲಿ ಸುಮಾರು ಏಳು ವರ್ಷ ಅಡಗಿದ್ದರು. ಅದರ ಉದ್ದ 9 ಅಡಿ, ಅಗಲ 7 ಅಡಿ, ಅತಿ ಎತ್ತರದ ಜಾಗದಲ್ಲಿ 3 ಅಡಿ. ಅಲ್ಲಿ ಸಿಕ್ಕ ಬೈರಿಗೆಯಿಂದ ಹಲಗೆಯಲ್ಲಿ ಸಣ್ಣ ತೂತುಗಳನ್ನು ಕೊರೆದು, ಕೆಳಗೆ ಆಡುತ್ತಿದ್ದ ತಮ್ಮ ಇಬ್ಬರು ಮಕ್ಕಳನ್ನು ನೋಡುತ್ತಿದ್ದರು. 1842ರಲ್ಲಷ್ಟೇ ಅವರು ಹಡಗಿನಲ್ಲಿ ಫಿಲಡೆಲ್ಫಿಯ ತಲುಪಿದರು.

ಕೆರಿಬಿಯನ್ ದ್ವೀಪಗಳ ಸ್ಥಿತಿ ತುಸು ಬೇರೆ. ಅಲ್ಲಿ ಪಕ್ಕದ ದ್ವೀಪವೇ ಬೇರೊಂದು ಸಾಮ್ರಾಜ್ಯಕ್ಕೆ ಸೇರಿರುತ್ತಿತ್ತು. ಬ್ರಿಟಿಷ್ ದ್ವೀಪಗಳಲ್ಲಿ ಗುಲಾಮಗಿರಿ ರದ್ದಾದ ಮೇಲೆ, ಫ್ರೆಂಚರ ಹಿಡಿತದಲ್ಲಿದ್ದ ಮಾರ್ಟಿನೀಕ್ ಮತ್ತು ಗ್ವಾಡೆಲೂಪ್‌ಗಳಿಂದ ಗಂಡಸರೂ ಹೆಂಗಸರೂ ರಾತ್ರಿ ಸಣ್ಣ ದೋಣಿಗಳಲ್ಲಿ ಡೊಮಿನಿಕ, ಸೇಂಟ್ ಲೂಸಿಯಗಳಿಗೆ ದಾಟುತ್ತಿದ್ದರು. ಫ್ರಾನ್ಸ್ 1848ರಲ್ಲಿ ಗುಲಾಮಗಿರಿಯನ್ನು ರದ್ದುಮಾಡುವವರೆಗೂ ಇದು ನಡೆಯಿತು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಓನಾ ಮತ್ತು ಹ್ಯಾರಿಯೆಟ್ ಇಬ್ಬರೂ ಅದೇ ದೇಶದ ಉತ್ತರಕ್ಕೆ ಹೋದವರು, ಹಾಗಾಗಿ ಬೆನ್ನಟ್ಟುವ ಭಯವೂ ಅವರ ಜೊತೆಯಲ್ಲೇ ಹೋಯಿತು. ಒಡೆಯನ ಕಾನೂನು ಮುಟ್ಟಲಾರದಷ್ಟು ದೂರ ಸಾಗಿದವರಿದ್ದರೆ, ಅವರಿಗೆ ನೆಮ್ಮದಿಯ ನೆಲೆ ಸಿಕ್ಕಿತೆ?

ಮೂರನೆಯ ಉತ್ತರ

ಸಿಕ್ಕಿದ್ದು ಅರ್ಧಂಬರ್ಧ. ಓನಾ ಹುಟ್ಟಿದ ಎಸ್ಟೇಟಿನಲ್ಲೇ ಡೆಬೊರಾ ಎಂಬ ಇನ್ನೊಬ್ಬ ಹೆಣ್ಣುಮಗಳಿದ್ದಳು. 1781ರ ಏಪ್ರಿಲ್‌ನಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ, 'ಸ್ಯಾವೇಜ್' ಎಂಬ ಬ್ರಿಟಿಷ್ ಯುದ್ಧನೌಕೆ ಪೊಟೋಮ್ಯಾಕ್ ನದಿಯಲ್ಲಿ ಮೌಂಟ್ ವರ್ನನ್ ಎದುರು ಬಂದು ನಿಂತಿತು. ಬಂಡಾಯಗಾರರ ಗುಲಾಮರು ತಮ್ಮ ಕಡೆ ಬಂದರೆ ರಕ್ಷಣೆ ಕೊಡುವುದಾಗಿ ಬ್ರಿಟಿಷರು ಸಾರಿದ್ದರು. ಅಂದು 17 ಮಂದಿ ಆ ನೌಕೆಯೊಡನೆ ಹೊರಟರು. ಅವರಲ್ಲಿ ಹೆಂಗಸರು ಮೂವರು: ಲೂಸಿ, ಎಸ್ತರ್, ಡೆಬೊರಾ. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಸೋತ ಮೇಲೆ ಲೂಸಿ ಮತ್ತು ಎಸ್ತರ್ ಮತ್ತೆ ವಾಷಿಂಗ್ಟನ್ ಅವರ ಕೈಸೇರಿದರು. ಡೆಬೊರಾ ಮಾತ್ರ ಸಿಗಲಿಲ್ಲ.

1783ರಲ್ಲಿ ಬ್ರಿಟಿಷರು ನ್ಯೂಯಾರ್ಕ್ ಬಿಡುವಾಗ, ತಮ್ಮೊಡನೆ ಹೊರಟ ಸುಮಾರು 3,000 ಕಪ್ಪು ಜನರ ಹೆಸರುಗಳನ್ನು ಒಂದು ದಫ್ತರದಲ್ಲಿ ಬರೆದಿಟ್ಟರು. ಅದರಲ್ಲಿ ಡೆಬೊರಾ ಸಿಗುತ್ತಾಳೆ: ವಯಸ್ಸು 20, ಗಟ್ಟಿಮುಟ್ಟು ಮೈಕಟ್ಟು, ಮುಖದಲ್ಲಿ ಸಿಡುಬಿನ ಕಲೆ, ಜನರಲ್ ವಾಷಿಂಗ್ಟನ್ ಅವರ ಗುಲಾಮಳಾಗಿದ್ದವಳು. 'ಪಾಲಿ' ಎಂಬ ಹಡಗಿನಲ್ಲಿ, ಗಂಡ ಹ್ಯಾರಿಯೊಡನೆ, ಇಂದಿನ ಕೆನಡದಲ್ಲಿರುವ ನೋವಾ ಸ್ಕೋಶಿಯದ ಪೋರ್ಟ್ ರೋಸ್‌ವೇಗೆ ಹೊರಟಿದ್ದಾಳೆ. ಮೇ ತಿಂಗಳಲ್ಲಿ ವಾಷಿಂಗ್ಟನ್ ಬ್ರಿಟಿಷ್ ಸೇನಾಪತಿ ಕಾರ್ಲ್‌ಟನ್ ಅವರನ್ನು ಕಂಡು ಗುಲಾಮರನ್ನು ಒಪ್ಪಿಸಬೇಕೆಂದು ಪಟ್ಟುಹಿಡಿದರು. ಕೊಟ್ಟ ಮಾತು ಮುರಿಯಲಾಗದು, ಕೆಲವರು ಆಗಲೇ ಹೊರಟುಹೋಗಿದ್ದಾರೆ ಎಂದು ಕಾರ್ಲ್‌ಟನ್ ಉತ್ತರಿಸಿದರು. 'ಪಾಲಿ'ಯ ಜನರನ್ನು ಏಪ್ರಿಲ್ ತಿಂಗಳಲ್ಲೇ ದಫ್ತರಕ್ಕೆ ಸೇರಿಸಲಾಗಿತ್ತು.

ಹೋದ ನೆಲ ಚಳಿಯದು, ಕಲ್ಲಿನದು. ವಾಗ್ದಾನದ ಭೂಮಿ ಅನೇಕರಿಗೆ ಸಿಗಲಿಲ್ಲ. ಕಪ್ಪು ಜನರ ಕೂಲಿ ಎಷ್ಟು ಕಡಿಮೆಯಿತ್ತೆಂದರೆ, ಅದರಿಂದ ತಮ್ಮ ಕೆಲಸ ಹೋಗುತ್ತದೆಂಬ ಸಿಟ್ಟಿನಲ್ಲಿ 1784ರಲ್ಲಿ ಶೆಲ್ಬರ್ನ್‌ನಲ್ಲಿದ್ದ (ಇದು ಪೋರ್ಟ್ ರೋಸ್‌ವೇಯ ಹೊಸ ಹೆಸರು) ಬಿಳಿಯ ಮಾಜಿ ಸೈನಿಕರು ಕಪ್ಪು ಜನರ ಮನೆಗಳನ್ನೇ ಕಿತ್ತು ಕೆಡವಿದರು. ಕೊನೆಗೆ 1792ರ ಜನವರಿಯಲ್ಲಿ ಸುಮಾರು 1,200 ಮಂದಿ ಹ್ಯಾಲಿಫ್ಯಾಕ್ಸ್‌ನಿಂದ 15 ಹಡಗುಗಳಲ್ಲಿ ಮತ್ತೆ ಸಮುದ್ರಕ್ಕಿಳಿದು, ಆಫ್ರಿಕದ ಸಿಯೆರಾ ಲಿಯೋನ್ ತಲುಪಿ ಫ್ರೀಟೌನ್ ಕಟ್ಟಿದರು. ಆ ಊರಿನಿಂದ ನದಿಯಲ್ಲಿ ಮೇಲಕ್ಕೆ ಹೋದರೆ ಸಿಗುವ ಬನ್ಸ್ ದ್ವೀಪದ ಕೋಟೆಯಿಂದ ಗುಲಾಮರ ಮಾರಾಟ ಇನ್ನೂ ನಡೆಯುತ್ತಿತ್ತು. ಈ ಪ್ರಯಾಣದ ಹೊಣೆ ಹೊತ್ತಿದ್ದ ಜಾನ್ ಕ್ಲಾರ್ಕ್‌ಸನ್ ತಮ್ಮ ದಿನಚರಿಯಲ್ಲಿ 104 ವರ್ಷದ ಮುದುಕಿಯೊಬ್ಬರನ್ನು ನೆನೆಯುತ್ತಾರೆ. ತನ್ನ ಮೂಳೆಗಳು ಹುಟ್ಟಿದ ನೆಲದಲ್ಲೇ ಸೇರಲಿ, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಆಕೆ ಕೇಳಿಕೊಂಡಿದ್ದರು.